ಗಾಯಕ್ಕೆ ಬಿಳಿಯ ಕಣಗಳು ದಾರಿ ಕಂಡುಕೊಳ್ಳುವ ಬಗೆ

ಮರದ ಪೆಟ್ಟಿಗೆಯ ಸಿಬಿರು ಬೆರಳಿಗೆ ಚುಚ್ಚಿತೆಂದು ಇಟ್ಟುಕೊಳ್ಳಿ. ಅದನ್ನು ಕಿತ್ತೊಗೆದು ನಾವು ಮತ್ತೆ ಕೆಲಸಕ್ಕೆ ತೊಡಗುತ್ತೇವೆ. ಸಂಜೆಯ ಹೊತ್ತಿಗೆ ಆ ಜಾಗ ಕೆಂಪೇರಿ, ಬಿಸಿಯಾಗಿ, ಊದಿಕೊಂಡು ನೋಯತೊಡಗುವುದು. ಈ ನಾಲ್ಕು ಲಕ್ಷಣಗಳನ್ನು ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ರೋಮಿನ ಸೆಲ್ಸಸ್ ಎಂಬ ಲೇಖಕನು ಒಟ್ಟಿಗೆ ಬರೆದಿಟ್ಟಿದ್ದನು. ಇದಕ್ಕೆ ಉರಿಯೂತವೆಂದು ಹೆಸರು. ಇದೆಲ್ಲ ಸಿಬಿರಿನ ಕೇಡೆಂದು ನಾವು ಎಣಿಸುತ್ತೇವೆ. ನಿಜವಾಗಿ ಇದರಲ್ಲಿ ಬಹುಪಾಲು ನಮ್ಮ ಶರೀರವೇ ಮಾಡಿದ್ದು.

1882ರಲ್ಲಿ ಮೆಚ್ನಿಕಾಫ್ ಎಂಬ ರಷ್ಯನ್ ವಿಜ್ಞಾನಿ ಇಟಲಿಯ ಮೆಸ್ಸೀನಾದಲ್ಲಿದ್ದನು. ನಕ್ಷತ್ರಮೀನಿನ ಮರಿಗಳು ಗಾಜಿನಂತೆ ಪಾರದರ್ಶಕ. ಅವುಗಳ ಮೈಗೆ ಗುಲಾಬಿಯ ಮುಳ್ಳನ್ನು ಚುಚ್ಚಿ, ಮರುದಿನ ಬೆಳಗ್ಗೆ ಸೂಕ್ಷ್ಮದರ್ಶಕದಲ್ಲಿ ನೋಡಿದನು. ಮುಳ್ಳಿನ ಸುತ್ತ ಜೀವಕಣಗಳು ಮುತ್ತಿಕೊಂಡಿದ್ದವು. ಹರಿಸಿ ತರಲು ಆ ಮರಿಯಲ್ಲಿ ರಕ್ತನಾಳಗಳೇ ಇಲ್ಲ; ಕಣಗಳು ತಾವಾಗಿಯೇ ತೆವಳಿ ಬಂದಿರಬೇಕು! ಇಂತಹ ಸಂಶೋಧನೆಗಳಿಗಾಗಿ 1908ರಲ್ಲಿ ಅವನಿಗೂ ಪಾಲ್ ಏರ್ಲಿಖ್‌ನಿಗೂ ನೊಬೆಲ್ ಬಹುಮಾನ ಸಂದಿತು.

ಕಣ್ಣು ಕಿವಿಗಳಿಲ್ಲದ ಕಣಕ್ಕೆ ದಾರಿ ತೋರುವವರು ಯಾರು? ಪರವೂರಿನ ಗಲ್ಲಿಯಲ್ಲಿ ನಮ್ಮವರ ಖಾನಾವಳಿಯನ್ನು ಒಗ್ಗರಣೆಯ ಘಮಲು ಹಿಡಿದು ಹುಡುಕಿದವರಿಗೆ ಉತ್ತರ ಕಷ್ಟವಾಗದು. ಗಾಯದ ಬಳಿಯ ಕೆಲವು ಕಣಗಳು ಹಿಸ್ಟಮೀನ್ ಎಂಬ ವಸ್ತುವನ್ನು ಹೊರಬಿಡುವುವು. ಅದರಿಂದ ರಕ್ತನಾಳಗಳು ಹಿಗ್ಗಿ, ನೀರು ಜಿನುಗುವುದು. ಕೆಂಪು, ಬಿಸಿ, ಊತಗಳು ಹೀಗೆ ಬಂದವು. ಜೊತೆಗೆ ಇಂಟರ್‌ಲ್ಯೂಕಿನ್-8 ಮೊದಲಾದ ಕರೆಯುವ ವಸ್ತುಗಳೂ ಹೊರಡುವುವು. ನಾಳದ ಒಳಗೋಡೆ ಅಂಟಂಟಾಗುವುದು. ರಕ್ತದೊಡನೆ ಕೊಚ್ಚಿಹೋಗುತ್ತಿದ್ದ ನ್ಯೂಟ್ರೊಫಿಲ್ ಎಂಬ ಬಿಳಿಯ ಕಣವು ಅಲ್ಲಿ ತಗಲಿ, ಉರುಳಿ, ನಿಂತು, ಗೋಡೆಯ ಸಂದಿನಲ್ಲಿ ನುಸುಳಿ ಹೊರಬರುವುದು. ಬಿಳಿಯ ಕಣಗಳು ಹೀಗೆ ನುಸುಳುವುದನ್ನು 1867ರಲ್ಲಿ ಜರ್ಮನಿಯ ಕೋನ್‌ಹೈಮ್ ಕಪ್ಪೆಯಲ್ಲಿ ಕಂಡು ವರ್ಣಿಸಿದ್ದನು.

ಮುಂದಿನದೇ ನಿಜವಾದ ಸೋಜಿಗ. ಕರೆಯುವ ವಸ್ತು ಗಾಯದ ಹತ್ತಿರ ಹೆಚ್ಚು, ದೂರದಲ್ಲಿ ಕಡಿಮೆ. ನ್ಯೂಟ್ರೊಫಿಲ್‌ನ ಅಗಲ ಒಂದು ಮಿಲಿಮೀಟರಿನ ನೂರನೆಯ ಒಂದು ಪಾಲಿನಷ್ಟು. ಅಷ್ಟರಲ್ಲೇ ಅದರ ಮುಂದಿಗೂ ಹಿಂದಿಗೂ ನೂರಕ್ಕೆ ಒಂದೆರಡರಷ್ಟು ವ್ಯತ್ಯಾಸವಿದ್ದರೆ ಸಾಕು, ಅದು ಗುರುತಿಸಿ ಹೆಚ್ಚಿದ್ದ ಕಡೆಗೆ ಮೈಚಾಚುವುದು. ನಿಮಿಷಕ್ಕೆ ಸುಮಾರು ತನ್ನ ಅಗಲದಷ್ಟು ನಡೆಯುವ ಅದಕ್ಕೆ ಒಂದು ಮಿಲಿಮೀಟರು ದಾಟಲು ಒಂದೂವರೆ ಗಂಟೆಗೂ ಮೇಲೆ ಬೇಕು. ಬ್ಯಾಕ್ಟೀರಿಯಗಳಿಗೂ ಒಂದು ಗುರುತಿನ ವಾಸನೆಯುಂಟು: ಅವು ತಮ್ಮ ಪ್ರೋಟೀನುಗಳನ್ನು ಕಟ್ಟಲು ತೊಡಗುವ ರೀತಿಯೇ ಬೇರೆ, ಅದರ ತುಣುಕುಗಳು ಹೊರಗೆ ಸೋರುವುವು. ಎರಡು ವಾಸನೆಗಳೂ ಎದುರಾದರೆ ನ್ಯೂಟ್ರೊಫಿಲ್ ನಮ್ಮವರ ಕರೆಯನ್ನು ಬಿಟ್ಟು ಶತ್ರುವಿನ ಜಾಡನ್ನೇ ಹಿಡಿಯುವುದು. 1950ರ ದಶಕದಲ್ಲಿ ಅಮೆರಿಕದ ಡೇವಿಡ್ ರಾಜರ್ಸ್ ತೆಗೆದ ಚಲಚ್ಚಿತ್ರದಲ್ಲಿ, ಕೆಂಪು ಕಣಗಳ ನಡುವೆ ಹಾದಿಮಾಡಿಕೊಂಡು ಒಂದು ಬಿಳಿಯ ಕಣವು ಬ್ಯಾಕ್ಟೀರಿಯವನ್ನು ಅಟ್ಟಿಸಿಕೊಂಡು ಹೋಗಿ ನುಂಗುವುದನ್ನು ಕಾಣಬಹುದು.

ಕೀವೆಂದು ನಾವು ಅಸಹ್ಯಪಡುವುದು ಹೆಚ್ಚಾಗಿ ಹೀಗೆ ಹೋರಾಡಿ ಸತ್ತ ಕಣಗಳೇ. ಅದನ್ನು ಹಿಸುಕಬಾರದು, ಹಿಸುಕಿದರೆ ರೋಗಾಣುಗಳು ಒಳಕ್ಕೆ ತಳ್ಳಲ್ಪಡುವುವು. ಕೆಂಪು ಗೆರೆ ತೋಳಿನ ಮೇಲಕ್ಕೆ ಏರಿದರೆ, ಚಳಿಜ್ವರ ಬಂದರೆ, ರಜೆಯ ಲೆಕ್ಕ ನೋಡದೆ ಅಂದೇ ಆಸ್ಪತ್ರೆಗೆ ಹೋಗಬೇಕು. ಸೋಂಕು ರಕ್ತಕ್ಕಿಳಿದು ಈ ಕರೆಗಳು ಮೈಯೆಲ್ಲ ಎದ್ದರೆ ಎಲ್ಲೆಡೆಯೂ ನಾಳಗಳು ಹಿಗ್ಗಿ ಸೋರಿ, ರಕ್ತದ ಒತ್ತಡ ಕುಸಿದು ಜೀವಕ್ಕೇ ಅಪಾಯ. ಊತ ಬೇಗ ಇಳಿಯಲೆಂದು ವೈದ್ಯರ ಚೀಟಿಯಿಲ್ಲದೆ ಸ್ಟೀರಾಯ್ಡ್ ಗುಳಿಗೆ ನುಂಗುವವರುಂಟು. ಅದು ಕರೆಯನ್ನೇ ಅಡಗಿಸುವುದು; ಊತ ಇಳಿದರೂ ರೋಗಾಣು ಅಲ್ಲಿಯೇ ಇದ್ದೀತು. ಸಕ್ಕರೆ ಕಾಯಿಲೆಯವರಲ್ಲಂತೂ ಬಿಳಿಯ ಕಣಗಳು ಕರೆಗೆ ಓಗೊಡುವುದೇ ನಿಧಾನ, ಪಾದದ ನೋವೂ ಸರಿಯಾಗಿ ತಿಳಿಯದಿರಬಹುದು. ಅಂಥವರು ರಾತ್ರಿ ಮಲಗುವ ಮುನ್ನ ಅಂಗಾಲನ್ನು ಬೆಳಕಿಗೆ ಹಿಡಿದು ನೋಡಿಕೊಳ್ಳಬೇಕು; ಕಾಣದಿದ್ದರೆ ಕೋಣೆಯ ಗೆಳೆಯನಿಗಾದರೂ ತೋರಿಸಬೇಕು.