ಚದುರು ನಕ್ಷೆಯಲ್ಲಿ ಗುಂಪು ತಪ್ಪಿದ ಬಿಂದು

ಹಾನಗಲ್ಲ, ಶಿಗ್ಗಾಂವಿ, ಸವಣೂರು ಮತ್ತು ಹಿರೇಕೆರೂರು ತಾಲೂಕುಗಳ ಹಿರಿಯ ಪ್ರಾಥಮಿಕ ಶಾಲೆಗಳ 6ರಿಂದ 8ನೆಯ ತರಗತಿಗಳಿಗೆ ಪೂರಕ ಗಣಿತ ಪಾಠ

ಸ್ತಂಭಾಲೇಖದಲ್ಲಿ ಒಂದು ಸ್ತಂಭವು ಒಂದು ಅಳತೆಯನ್ನು ತೋರಿಸುತ್ತದೆ. ಚದುರು ನಕ್ಷೆಯಲ್ಲಿ, ಅಂದರೆ ಸ್ಕ್ಯಾಟರ್ ಪ್ಲಾಟಿನಲ್ಲಿ, ಒಂದೇ ವಸ್ತುವಿನ ಎರಡು ಅಳತೆಗಳು ಕೂಡಿ ಒಂದು ಬಿಂದುವಾಗುತ್ತವೆ. ಮೊದಲನೆಯದನ್ನು ಅಡ್ಡ ಅಕ್ಷದಲ್ಲಿ, ಎರಡನೆಯದನ್ನು ಲಂಬ ಅಕ್ಷದಲ್ಲಿ ಗುರುತಿಸಬೇಕು. ಬಿಂದುಗಳನ್ನು ಒಂದಕ್ಕೊಂದು ಗೆರೆಯಿಂದ ಜೋಡಿಸಬಾರದು. ಬಹುಪಾಲು ಬಿಂದುಗಳು ಒಂದು ದಿಕ್ಕಿಗೆ ಸಾಗಿರುವಾಗ ಅವುಗಳಿಂದ ದೂರ ಉಳಿದುದನ್ನು ಔಟ್‌ಲೈಯರ್ ಎನ್ನುತ್ತಾರೆ. ಇಲ್ಲಿ ಹೊರಬಿಂದು ಎಂದು ಕರೆಯಲಾಗಿದೆ. ಅದನ್ನು ಕಂಡೊಡನೆ ತಪ್ಪೆಂದು ಬಗೆದು ರಬ್ಬರಿನಿಂದ ಅಳಿಸುವುದು ಮಕ್ಕಳ ಸಹಜ ಪ್ರವೃತ್ತಿ. ಆ ಕೈಯನ್ನು ಕೆಲಕಾಲ ತಡೆಯುವುದೇ ಈ ಪಾಠದ ಕೆಲಸ.

ಆರಂಭಕ್ಕೆ ಮರಗಳು ಅನುಕೂಲ. ಶಾಲೆಯ ಆವರಣ, ಹೊಲದ ಬದು ಹಾಗೂ ರಸ್ತೆಬದಿಯ ಹದಿನೈದು ಇಪ್ಪತ್ತು ಮರಗಳನ್ನು ಆರಿಸಿಕೊಳ್ಳಿ. ಎದೆಯೆತ್ತರದಲ್ಲಿ ಟೇಪು ಸುತ್ತಿ ಕಾಂಡದ ಸುತ್ತಳತೆ ತೆಗೆಯಲಿ. ಎತ್ತರವನ್ನು ನೆರಳಿನ ಅನುಪಾತದಿಂದ ಕಂಡುಕೊಳ್ಳಲಿ: ನೆಟ್ಟಗೆ ನಿಲ್ಲಿಸಿದ 1 ಮೀಟರ್ ಕೋಲಿನ ನೆರಳು 80 ಸೆಂ.ಮೀ. ಇರುವ ಹೊತ್ತಿನಲ್ಲಿ ಮರದ ನೆರಳು 8 ಮೀಟರ್ ಇದ್ದರೆ ಮರದ ಎತ್ತರ 10 ಮೀಟರ್. ಸುತ್ತಳತೆಯನ್ನು ಅಡ್ಡ ಅಕ್ಷದಲ್ಲಿಯೂ ಎತ್ತರವನ್ನು ಲಂಬ ಅಕ್ಷದಲ್ಲಿಯೂ ಗುರುತಿಸಿದರೆ ಬಿಂದುಗಳು ಸಾಮಾನ್ಯವಾಗಿ ಎಡಗೆಳಗಿನಿಂದ ಬಲಮೇಲಕ್ಕೆ ಏರುತ್ತವೆ.

ಈ ಪಟ್ಟಿಗೆ ಸವಣೂರಿನ ಕಲ್ಮಠದ ದೊಡ್ಡ ಹುಣಸೆ ಮರವನ್ನು ಸೇರಿಸಿ ನೋಡಿ. ಹೆಸರು ಹುಣಸೆಯಾದರೂ ಅದು ಆಫ್ರಿಕಾ ಮೂಲದ ಬಾವೋಬಾಬ್. ಅದರ ಕಾಂಡದ ಸುತ್ತಳತೆ ಹತ್ತು ಮೀಟರಿಗೂ ಮಿಗಿಲು. ಎತ್ತರ ಮಾತ್ರ ಆ ಪ್ರಮಾಣದಲ್ಲಿಲ್ಲ. ಆದ್ದರಿಂದ ಅದರ ಬಿಂದು ಬಲಕ್ಕೆ ಬಹುದೂರ ಹೋಗಿ ಒಂಟಿಯಾಗಿ ನಿಲ್ಲುತ್ತದೆ. ಈಗ ಬೇರೊಂದು ಸಂದರ್ಭವನ್ನು ಊಹಿಸಿಕೊಳ್ಳೋಣ. ಬೇವಿನ ಮರವೊಂದರ ಸುತ್ತಳತೆ 1.8 ಮೀಟರ್, ಬರೆಯುವಾಗ ದಶಮಾಂಶ ಬಿಂದು ಬಿಟ್ಟುಹೋಗಿ 18 ಆಯಿತು. ಆ ಬೇವೂ ಹಾಳೆಯ ಮೇಲೆ ಬಾವೋಬಾಬಿನ ನೆರೆಗೇ ಹೋಗಿ ಕೂರುತ್ತದೆ! ಎರಡರಲ್ಲಿ ಯಾವುದು ನಿಜ, ಯಾವುದು ಕೈತಪ್ಪು ಎಂಬುದನ್ನು ನಕ್ಷೆಯು ಹೇಳಲಾರದು. ಟೇಪು ಹಿಡಿದು ಮರದ ಬುಡಕ್ಕೇ ಮರಳಬೇಕು. ಬೇವಿನ ಅಂಕಿಯನ್ನು ತಿದ್ದಬೇಕು. ಬಾವೋಬಾಬನ್ನು ನಕ್ಷೆಯಲ್ಲಿ ಉಳಿಸಿ, ಊರಿನ ಮರಗಳ ಸಾಮಾನ್ಯ ಪ್ರವೃತ್ತಿಯ ಗೆರೆ ಎಳೆಯುವಾಗ ಮಾತ್ರ ಹೊರಗಿಟ್ಟು, ಹಾಗೆ ಮಾಡಿದ ಕಾರಣವನ್ನು ನಕ್ಷೆಯ ಕೆಳಗೆ ಬರೆಸಬೇಕು.

ಅತಿ ದೊಡ್ಡ ಸಂಖ್ಯೆಯೇ ಹೊರಬಿಂದು ಎಂಬ ಭಾವನೆ ಇಷ್ಟರಲ್ಲಿ ಮಕ್ಕಳಲ್ಲಿ ಬೇರೂರಿರುತ್ತದೆ. ಅದನ್ನು ಸಡಿಲಿಸಲು 2011ರ ಜನಗಣತಿಯ ಅಂಕಿಗಳು ನೆರವಾಗುತ್ತವೆ. ಕೆಳಗೆ ಜಿಲ್ಲೆಯ ಹೆಸರು, ಅಂದಿನ ವಿಸ್ತೀರ್ಣ ಚದರ ಕಿ.ಮೀ.ಗಳಲ್ಲಿ ಮತ್ತು ಜನಸಂಖ್ಯೆ ಲಕ್ಷಗಳಲ್ಲಿ ಇವೆ. ಎಲ್ಲವೂ ಸಮೀಪದ ಬೆಲೆಗಳು.

ಧಾರವಾಡ – 4,300 – 18.5
ಗದಗ – 4,700 – 10.6
ಹಾವೇರಿ – 4,800 – 16.0
ದಾವಣಗೆರೆ – 5,900 – 19.5
ಬಾಗಲಕೋಟೆ – 6,600 – 18.9
ಉತ್ತರ ಕನ್ನಡ – 10,300 – 14.4
ವಿಜಯಪುರ – 10,500 – 21.8
ತುಮಕೂರು – 10,600 – 26.8
ಕಲಬುರಗಿ – 11,000 – 25.7
ಬೆಳಗಾವಿ – 13,400 – 47.8

ಮೊದಲು ನಕ್ಷೆ ಬರೆಸದೆ ಒಂದೊಂದೇ ಸಾಲನ್ನು ಓದಿಸಿ. ಉತ್ತರ ಕನ್ನಡದ ವಿಸ್ತೀರ್ಣದಲ್ಲಿ ವಿಶೇಷವೇನೂ ಕಾಣದು. ವಿಜಯಪುರವೂ ತುಮಕೂರೂ ಅಷ್ಟೇ ಇವೆ. ಅದರ ಜನಸಂಖ್ಯೆಯೂ ಗದಗ ಮತ್ತು ಹಾವೇರಿಗಳ ನಡುವೆ ಬರುತ್ತದೆ. ಬಿಂದುಗಳನ್ನು ಗುರುತಿಸಿದ ಮೇಲೆ ಮಾತ್ರ ಅದು ಗುಂಪಿನಿಂದ ಕೆಳಕ್ಕೆ ಜಾರಿರುವುದು ತಿಳಿಯುತ್ತದೆ: ಹಾವೇರಿಯ ಎರಡು ಪಟ್ಟಿಗೂ ಹೆಚ್ಚು ನೆಲ, ಜನ ಮಾತ್ರ ಹಾವೇರಿಗಿಂತ ಕಡಿಮೆ. ಕಾರಣವನ್ನು ಹಾನಗಲ್ಲ ತಾಲೂಕಿನ ಮಕ್ಕಳೇ ಹೇಳಬಲ್ಲರು. ಮುಂಡಗೋಡದ ಕಡೆಗೆ ಹೊರಟರೆ ಕಾಡು ಎದುರಾಗುತ್ತದೆ. ಬೆಳಗಾವಿಯ ಎರಡೂ ಅಂಕಿಗಳು ಪಟ್ಟಿಯಲ್ಲೇ ದೊಡ್ಡವು. ಆದರೂ ಆ ಬಿಂದು ಏರುವ ದಿಕ್ಕಿನಲ್ಲಿಯೇ ಇದೆ, ಕೊಂಚ ಹೆಚ್ಚು ಎತ್ತರದಲ್ಲಿ. ಅದು ಹೊರಬಿಂದುವೇ ಎಂಬ ಪ್ರಶ್ನೆಗೆ ತರಗತಿಯಲ್ಲಿ ಎರಡು ಉತ್ತರ ಬಂದರೆ ಎರಡಕ್ಕೂ ಕಾರಣ ಕೇಳಿ. ಈ ಹಂತದಲ್ಲಿ ಖಚಿತ ಸೂತ್ರವನ್ನು ಹೇರುವ ಅಗತ್ಯವಿಲ್ಲ. ಸುಮಾರು 2,200 ಚ.ಕಿ.ಮೀ.ಯಲ್ಲಿ 96.2 ಲಕ್ಷ ಜನರಿದ್ದ ಬೆಂಗಳೂರು ನಗರ ಜಿಲ್ಲೆಯನ್ನು ಕೊನೆಗೆ ಸೇರಿಸಿ. ಅದಕ್ಕಾಗಿ ಲಂಬ ಅಕ್ಷದ ಅಳತೆ ಬದಲಿಸಿದೊಡನೆ ಉಳಿದ ಬಿಂದುಗಳೆಲ್ಲ ತಳದಲ್ಲಿ ಒತ್ತೊತ್ತಾಗಿ, ಉತ್ತರ ಕನ್ನಡದ ವಿಶೇಷವೂ ಮಸುಕಾಗುತ್ತದೆ. ಒಂದು ಹೊರಬಿಂದು ಇನ್ನೊಂದನ್ನು ಹೀಗೆ ಮರೆಮಾಡುವುದುಂಟು.

ಮೂರನೆಯ ನಕ್ಷೆ ಶಿಕ್ಷಕರಿಗಾಗಿ. ಇದನ್ನು ಕಪ್ಪುಹಲಗೆಯ ಮೇಲೆ ಬರೆಯಬಾರದೆಂದು ಸೂಚಿಸಲಾಗಿದೆ. ಮಗುವಿನ ತೂಕ ತರಗತಿಯ ನಗೆಗೆ ವಸ್ತುವಾಗಕೂಡದು. ಶಾಲೆಯಲ್ಲಿ ದಾಖಲಿಸಿದ ಎತ್ತರ ಮತ್ತು ತೂಕಗಳನ್ನು, ಹೆಸರಿಲ್ಲದೆ ಕ್ರಮಸಂಖ್ಯೆಯೊಂದಿಗೆ, ಒಂದು ಗ್ರಾಫ್ ಹಾಳೆಯಲ್ಲಿ ಗುರುತಿಸಿ. ಉದಾಹರಣೆಗಾಗಿ ಇಬ್ಬರನ್ನು ಕಲ್ಪಿಸಿಕೊಳ್ಳೋಣ: ಒಬ್ಬರು 126 ಸೆಂ.ಮೀ., 24 ಕಿ.ಗ್ರಾಂ.; ಮತ್ತೊಬ್ಬರು 140 ಸೆಂ.ಮೀ., 24 ಕಿ.ಗ್ರಾಂ. ತೂಕದ ಕಾಲಂ ಮಾತ್ರ ಓದಿದರೆ ಇಬ್ಬರೂ ಸಮಾನ. ನಕ್ಷೆಯಲ್ಲಿ ಮೊದಲಿನವರು ಗುಂಪಿನೊಳಗೆ ಸೇರುತ್ತಾರೆ. ಎರಡನೆಯವರು ಉತ್ತರ ಕನ್ನಡದಂತೆ ಕೆಳಗೆ ಉಳಿಯುತ್ತಾರೆ.

ಅಂಥ ಬಿಂದು ಕಂಡಾಗ ಬೇವಿನ ಮರಕ್ಕೆ ಮಾಡಿದುದನ್ನೇ ಮಾಡಬೇಕು. ತೂಕದ ಯಂತ್ರದ ಮುಳ್ಳು ಸೊನ್ನೆಯಲ್ಲಿದೆಯೇ ಎಂದು ನೋಡಿ, ಪಾದರಕ್ಷೆ ತೆಗೆಸಿ, ಎರಡೂ ಅಳತೆಗಳನ್ನು ಮತ್ತೆ ತೆಗೆಯಬೇಕು. 34 ಎಂಬುದು 24 ಆಗಿದ್ದರೆ ಅಲ್ಲಿಗೆ ಮುಗಿಯಿತು. ಎರಡನೆಯ ಸಲವೂ 24 ಬಂದರೆ ಆ ಮಗು ಬೆಳಿಗ್ಗೆ ಏನು ತಿಂದು ಬರುತ್ತದೆ, ಮಧ್ಯಾಹ್ನದ ಬಿಸಿಯೂಟವನ್ನು ಪೂರ್ತಿ ಉಣ್ಣುತ್ತದೆಯೇ ಎಂದು ಮೆಲ್ಲನೆ ವಿಚಾರಿಸಿ, ಪಾಲಕರೊಂದಿಗೆ ಮಾತನಾಡಿ, ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕೆ ಎರಡೂ ದಿನಾಂಕಗಳ ಅಳತೆಗಳನ್ನು ಒದಗಿಸಬೇಕು. ತಂಡದ ಮುಂದಿನ ಭೇಟಿ ದೂರವಿದ್ದರೆ ಅದುವರೆಗೆ ಕಾಯದೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಸಂಪರ್ಕಿಸುವುದು.