ಓದಿದ ಇಂಗ್ಲಿಷ್ ನಾಲಿಗೆಗೆ ಬರುವ ಬಗೆ
ವ್ಯಾಕರಣದಲ್ಲಿ ಒಳ್ಳೆಯ ಅಂಕ ಬಂದರೂ ಇಂಗ್ಲಿಷಿನಲ್ಲಿ ಎರಡು ಮಾತಾಡಲು ಬಾಯಿ ಕಟ್ಟುತ್ತದೆಂಬ ಸಖರಾಯಪಟ್ಟಣದ ಪದವಿ ವಿದ್ಯಾರ್ಥಿನಿಯ ಅಳಲಿಗೆ ಕಾರಣ, ಅಭ್ಯಾಸವೆಲ್ಲ ಓದು-ಬರಹದಲ್ಲೇ ಮುಗಿದಿರುವುದು. ಭಾಷಾ ಕಲಿಕೆಯ ಸಂಶೋಧಕಿ ರೆಬೆಕಾ ಆಕ್ಸ್‌ಫರ್ಡ್ 1990ರ ತಮ್ಮ ಗ್ರಂಥದಲ್ಲಿ ಕಲಿಕಾ ತಂತ್ರಗಳನ್ನು, ಅಂದರೆ ಕಲಿಯುವವರು ತಾವೇ ಆರಿಸಿಕೊಳ್ಳುವ ಉಪಾಯಗಳನ್ನು, ಆರು ಬಗೆಯಾಗಿ ವಿಂಗಡಿಸಿದ್ದು, ಅವುಗಳಲ್ಲಿ ಈಕೆಗೆ ಮೊದಲು ಬೇಕಾದುದು ಪರಿಹಾರ ತಂತ್ರ, ಎಂದರೆ ಗೊತ್ತಿಲ್ಲದ ಪದದ ಬಳಿ ತಡವರಿಸಿ ನಿಲ್ಲದೆ, ಗೊತ್ತಿರುವ ಪದಗಳಿಂದಲೇ ಅದನ್ನು ವಿವರಿಸಿ ಮುಂದುವರಿಯುವುದು: ತಮ್ಮೂರ ಬಳಿಯ ಅಯ್ಯನಕೆರೆಯನ್ನು ವರ್ಣಿಸುವಾಗ ತೂಬಿನ ಇಂಗ್ಲಿಷ್ ಹೆಸರು ಹೊಳೆಯದಿದ್ದರೆ, ಕೆರೆಯ ನೀರನ್ನು ಗದ್ದೆಗೆ ಬಿಡುವ ಬಾಗಿಲು ಎಂಬರ್ಥದ ಸರಳ ಇಂಗ್ಲಿಷ್ ಧಾರಾಳವಾಗಿ ಸಾಕು.

ಇನ್ನು ಉಚ್ಚಾರಣೆಯ ಮಾತಿಗೆ ಬಂದರೆ, ಕನ್ನಡದ ಪದಗಳು ಸಾಮಾನ್ಯವಾಗಿ ಸ್ವರದಲ್ಲಿ ಮುಗಿಯುವುದರಿಂದ ‘ಬಸ್’ ಎಂಬುದು ‘ಬಸ್ಸು’ ಆಗುವುದು ಸಹಜ, ಅದಕ್ಕೆ ನಾಚಬೇಕಿಲ್ಲ. ಗಮನ ಬೇಕಿರುವುದು ಒತ್ತಿಗೆ, ಅಂದರೆ ಪದದ ಒಂದು ಭಾಗವನ್ನು ಬಲವಾಗಿ ನುಡಿಯುವುದಕ್ಕೆ, ಏಕೆಂದರೆ ‘ರೆಕಾರ್ಡ್’ ಎಂಬಲ್ಲಿ ಒತ್ತು ಮೊದಲಿಗೆ ಬಿದ್ದರೆ ದಾಖಲೆ ಎಂದೂ ಕೊನೆಗೆ ಬಿದ್ದರೆ ದಾಖಲಿಸು ಎಂದೂ ಅರ್ಥವಾಗುತ್ತದೆ. ಆಕಾಶವಾಣಿಯ ಇಂಗ್ಲಿಷ್ ವಾರ್ತೆಯನ್ನು ಕೇಳುತ್ತ, ಓದುವವರ ಬೆನ್ನಿಗೇ ಅದೇ ಏರಿಳಿತದಲ್ಲಿ ನುಡಿಯುವ ನೆರಳುನುಡಿಯ ಅಭ್ಯಾಸ ಇದಕ್ಕೆ ಬಹಳ ಒಳ್ಳೆಯದು.

ಇನ್ನುಳಿದ ಸಂಕೋಚವನ್ನು ಒಂಟಿಯಾಗಿ ಗೆಲ್ಲುವುದು ಕಷ್ಟವಾದ್ದರಿಂದ, ತಪ್ಪಿಗೆ ನಗದ ಒಬ್ಬ ಗೆಳತಿಯೊಡನೆ, ಕಡೂರು ಅಥವಾ ಚಿಕ್ಕಮಗಳೂರಿನ ಬಸ್ಸಿನಲ್ಲಿ ಕಳೆಯುವ ಹೊತ್ತನ್ನಾದರೂ ಇಂಗ್ಲಿಷ್ ಮಾತಿಗೆ ಮೀಸಲಿಡುವುದು ಉಚಿತ.