ಆಪತ್ತಿಗಾದ ಗೆಳೆತನ

ತಂದೆತಾಯಿಗಳನ್ನಾಗಲಿ ಒಡಹುಟ್ಟಿದವರನ್ನಾಗಲಿ ನಾವು ಆರಿಸಿಕೊಳ್ಳುವುದಿಲ್ಲ. ಹುಟ್ಟಿನೊಡನೆಯೇ ಅವರು ನಮಗೆ ದೊರೆಯುತ್ತಾರೆ. ಗೆಳೆಯನನ್ನು ಮಾತ್ರ ನಾವೇ ಕಂಡುಕೊಳ್ಳುತ್ತೇವೆ. ಆಟದ ಬಯಲಿನಲ್ಲಿ, ಶಾಲೆಯ ಬೆಂಚಿನ ಮೇಲೆ, ಜಾತ್ರೆಯ ಗದ್ದಲದಲ್ಲಿ ಮೊಳೆತು ಬೆಳೆಯುವ ಈ ಸಂಬಂಧ ಸುಖದ ದಿನಗಳಲ್ಲಿ ಬಹು ಸುಲಭವಾಗಿ ಕಾಣುತ್ತದೆ. ಅದರ ನಿಜವಾದ ಬೆಲೆ ತಿಳಿಯುವುದು ಕಷ್ಟ ಬಂದಾಗ. ‘ಆಪತ್ತಿಗಾದವನೇ ನಂಟ’ ಎಂದು ನಮ್ಮ ಹಿರಿಯರು ಗಾದೆ ಕಟ್ಟಿದ್ದು ಇದನ್ನು ಅರಿತೇ.

ಆಪತ್ತುಗಳು ಬಗೆಬಗೆಯವು. ಮನೆಗೆ ಬೆಂಕಿ ಬಿದ್ದಾಗ ನೀರು ಹೊತ್ತು ತರುವುದಕ್ಕೂ ಹೊಳೆಯಲ್ಲಿ ಮುಳುಗುತ್ತಿರುವವನನ್ನು ದಡಕ್ಕೆ ಎಳೆಯುವುದಕ್ಕೂ ಧೈರ್ಯ ಬೇಕು. ಆದರೆ ಅದು ಒಂದು ಗಳಿಗೆಯ ಧೈರ್ಯ. ತಿಂಗಳುಗಟ್ಟಲೆ ಬಿಡದೆ ಕಾಡುವ ಕಾಯಿಲೆಯಲ್ಲಿ ಬೇಕಾದದ್ದು ಬೇರೊಂದು ಗುಣ. ಮೊದಲ ವಾರ ಊರೇ ಬಂದು ನೋಡಿ ಹೋಗುತ್ತದೆ. ಎರಡನೆಯ ತಿಂಗಳು ಬಾಗಿಲು ತಟ್ಟುವವರು ವಿರಳರಾಗುತ್ತಾರೆ. ಆಗಲೂ ಬರುವವನೇ ಗೆಳೆಯ. ಹೀಗೆ ದೀರ್ಘಕಾಲ ಜೊತೆಗಿರುವ ತಾಳ್ಮೆಯನ್ನು ಬೇಡುವ ಕಾಯಿಲೆಗಳಲ್ಲಿ ಕ್ಯಾನ್ಸರ್ ಮುಖ್ಯವಾದದ್ದು.

ಕ್ಯಾನ್ಸರಿಗೆ ಕನ್ನಡದಲ್ಲಿ ‘ಏಡಿಗಂತಿ’ ಎಂಬ ಹೆಸರುಂಟು. ಗ್ರೀಕ್ ವೈದ್ಯರೂ ಇದನ್ನು ಏಡಿಯ ಹೆಸರಿನಿಂದಲೇ ಕರೆದರು. ಗಂತಿಯ ಸುತ್ತ ಹರಡಿದ ರಕ್ತನಾಳಗಳು ಅವರಿಗೆ ಏಡಿಯ ಕಾಲುಗಳಂತೆ ಕಂಡಿದ್ದವು. ನಮ್ಮ ದೇಹ ಕೋಟ್ಯನುಕೋಟಿ ಜೀವಕೋಶಗಳಿಂದ ಆದದ್ದು. ಅವು ಅಗತ್ಯವಿದ್ದಷ್ಟು ಹೆಚ್ಚುತ್ತವೆ, ಹಳೆಯವಾದಾಗ ಸಾಯುತ್ತವೆ. ಯಾವುದೋ ಕಾರಣದಿಂದ ಕೆಲವು ಕೋಶಗಳು ಈ ಕಟ್ಟಳೆಯನ್ನು ಮೀರಿ ಅಡೆತಡೆಯಿಲ್ಲದೆ ಬೆಳೆದು, ಸುತ್ತಲಿನ ಅಂಗಗಳನ್ನು ಆಕ್ರಮಿಸುವುದೇ ಕ್ಯಾನ್ಸರ್. ಇದು ಅಂಟುರೋಗವಲ್ಲ. ರೋಗಿಯ ಪಕ್ಕದಲ್ಲಿ ಕುಳಿತರೆ, ಅವನ ಕೈ ಹಿಡಿದರೆ, ಅವನೊಡನೆ ಊಟಮಾಡಿದರೆ ಇದು ಬರುವುದಿಲ್ಲ. ಈ ಸರಳವಾದ ಸತ್ಯವನ್ನು ತಿಳಿಯದೆ ರೋಗಿಯ ಲೋಟವನ್ನು ಬೇರೆ ಇಡುವ ಮನೆಗಳು ಇನ್ನೂ ಇವೆ. ರೋಗದ ನೋವಿಗೆ ಔಷಧವುಂಟು. ಬೇರೆ ಇಟ್ಟ ಲೋಟದ ನೋವಿಗೆ ಔಷಧವಿಲ್ಲ.

ಈ ರೋಗಕ್ಕೆ ಚಿಕಿತ್ಸೆಯೇ ಇಲ್ಲವೆಂಬ ಭಯ ಒಂದು ಕಾಲದಲ್ಲಿ ಎಲ್ಲೆಡೆಯೂ ಇತ್ತು. 1895ರಲ್ಲಿ ರಾಂಟ್‌ಜೆನ್ ಕ್ಷ-ಕಿರಣಗಳನ್ನೂ 1898ರಲ್ಲಿ ಕ್ಯೂರಿ ದಂಪತಿಗಳು ರೇಡಿಯಂ ಧಾತುವನ್ನೂ ಕಂಡುಹಿಡಿದ ಮೇಲೆ ಶಸ್ತ್ರಚಿಕಿತ್ಸೆಯ ಜೊತೆಗೆ ವಿಕಿರಣ ಚಿಕಿತ್ಸೆಯೂ ಬಳಕೆಗೆ ಬಂದಿತು. ಮುಂದೆ ಔಷಧಗಳೂ ಸೇರಿದವು. ನಮ್ಮ ದೇಶದಲ್ಲಿ 1941ರಲ್ಲಿ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ ತೆರೆಯಿತು. ತಂಗಿಯನ್ನು ಕ್ಯಾನ್ಸರಿನಿಂದ ಕಳೆದುಕೊಂಡ ಡಾ. ಮುತ್ತುಲಕ್ಷ್ಮಿ ರೆಡ್ಡಿಯವರ ಪ್ರಯತ್ನದಿಂದ 1954ರಲ್ಲಿ ಮದರಾಸಿನ ಅಡಯಾರಿನಲ್ಲಿ ಕ್ಯಾನ್ಸರ್ ಸಂಸ್ಥೆ ಆರಂಭವಾಯಿತು. 1973ರಲ್ಲಿ ಬೆಂಗಳೂರಿನಲ್ಲಿ ಕಿದ್ವಾಯಿ ಸ್ಮಾರಕ ಸಂಸ್ಥೆ ಪ್ರಾರಂಭವಾಗಿ ಕನ್ನಡನಾಡಿನ ರೋಗಿಗಳಿಗೆ ಆಸರೆಯಾಯಿತು. ಇಂದು ಬೇಗನೆ ಗುರುತಿಸಿದ ಎಷ್ಟೋ ಬಗೆಯ ಕ್ಯಾನ್ಸರುಗಳು ಪೂರ್ಣವಾಗಿ ಗುಣವಾಗುತ್ತವೆ. ಆದರೆ ಚಿಕಿತ್ಸೆಯ ದಾರಿ ದೀರ್ಘವಾದದ್ದು. ಆ ದಾರಿಯಲ್ಲಿ ವೈದ್ಯರಷ್ಟೇ ಅಗತ್ಯವಾದವರು ಜೊತೆಗಾರರು.

ನನ್ನ ಬಾಲ್ಯದ ಸಹಪಾಠಿಯೊಬ್ಬ ಮುಂದೆ ನಾನು ಕೆಲಸಮಾಡುತ್ತಿದ್ದ ಪ್ರೌಢಶಾಲೆಯಲ್ಲಿಯೇ ಗಣಿತದ ಅಧ್ಯಾಪಕನಾಗಿದ್ದ. ಅವನ ಕಂಠ ದೊಡ್ಡದು. ಅವನು ಪ್ರಮೇಯವನ್ನು ಸಾಧಿಸುತ್ತಿದ್ದರೆ ಮೂರು ಕೊಠಡಿಗಳಾಚೆಗೂ ಕೇಳಿಸುತ್ತಿತ್ತು. 2016ರ ಆರಂಭದಲ್ಲಿ ಅವನ ಧ್ವನಿ ಒಡೆಯಿತು. ಪಾಠಮಾಡುವವರ ಗಂಟಲು ಕೆಡುವುದು ಸಹಜವೆಂದು ಅವನು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಮೂರು ವಾರಗಳಿಗಿಂತ ಹೆಚ್ಚು ಕಾಲ ಧ್ವನಿ ಕರ್ಕಶವಾಗಿಯೇ ಉಳಿದರೆ ವೈದ್ಯರಿಗೆ ತೋರಿಸಲೇಬೇಕು. ಅವನು ತೋರಿಸಿದ್ದು ನಾಲ್ಕು ತಿಂಗಳ ಮೇಲೆ. ಧ್ವನಿಪೆಟ್ಟಿಗೆಯಲ್ಲಿ ಕ್ಯಾನ್ಸರ್ ಬಲಿತಿತ್ತು. ಇಪ್ಪತ್ತೈದು ವರ್ಷಗಳ ಸಿಗರೇಟಿನ ಚಟ ಅದರ ಹಿಂದೆ ಇತ್ತು. ಧ್ವನಿಪೆಟ್ಟಿಗೆಯನ್ನು ಪೂರ್ತಿಯಾಗಿ ತೆಗೆಯಬೇಕು, ಅನಂತರ ವಿಕಿರಣ ಚಿಕಿತ್ಸೆ ನೀಡಬೇಕು ಎಂದು ಬೆಂಗಳೂರಿನ ವೈದ್ಯರು ನಿರ್ಧರಿಸಿದರು. ಮಾತಿನಿಂದಲೇ ಬದುಕು ಕಟ್ಟಿಕೊಂಡಿದ್ದವನಿಗೆ ಜೀವ ಬೇಕೋ ಮಾತು ಬೇಕೋ ಎಂಬ ಪ್ರಶ್ನೆ ಎದುರಾಯಿತು.

ಈ ಶಸ್ತ್ರಚಿಕಿತ್ಸೆಗೆ ಒಂದು ಇತಿಹಾಸವಿದೆ. 1873ರಲ್ಲಿ ವಿಯೆನ್ನಾ ನಗರದ ಬಿಲ್‌ರೋತ್ ಎಂಬ ಶಸ್ತ್ರವೈದ್ಯ ಕ್ಯಾನ್ಸರ್ ತಗುಲಿದ ಧ್ವನಿಪೆಟ್ಟಿಗೆಯನ್ನು ಪೂರ್ತಿಯಾಗಿ ಮೊದಲ ಬಾರಿಗೆ ತೆಗೆದನು. ಆ ರೋಗಿಯೂ ಒಬ್ಬ ಉಪಾಧ್ಯಾಯನೇ. ಬಿಲ್‌ರೋತನ ಸಹಾಯಕನಾಗಿದ್ದ ಗುಸೆನ್‌ಬಾವರ್ ಅವನಿಗಾಗಿ ಕೃತಕ ಧ್ವನಿಪೆಟ್ಟಿಗೆಯೊಂದನ್ನು ರಚಿಸಿದನು. ರೋಗವನ್ನು ತೆಗೆದರೆ ಸಾಲದು, ಮನುಷ್ಯನಿಗೆ ಮಾತನ್ನೂ ಹಿಂದಿರುಗಿಸಬೇಕು ಎಂಬ ಕಾಳಜಿ ಈ ಶಸ್ತ್ರಚಿಕಿತ್ಸೆಯೊಡನೆಯೇ ಹುಟ್ಟಿದ್ದು ಗಮನಿಸತಕ್ಕ ಸಂಗತಿ.

ಬೆಂಗಳೂರಿಗೆ ಹೊರಡುವ ಮುನ್ನ ನಾವು ಐದು ಮಂದಿ ಗೆಳೆಯರು ಒಂದು ಸಂಜೆ ಸೇರಿ ಕೆಲಸಗಳನ್ನು ಹಂಚಿಕೊಂಡೆವು. ‘ಏನಾದರೂ ಬೇಕಿದ್ದರೆ ಹೇಳು’ ಎಂದು ಹೇಳಿ ಹೋಗುವುದು ಸುಲಭ. ಆದರೆ ಬಳಲಿದವನು ಬಾಯಿಬಿಟ್ಟು ಕೇಳುವುದಿಲ್ಲ. ಆದ್ದರಿಂದ ಅವನು ಕೇಳುವ ಮೊದಲೇ ಏನು ಬೇಕಾದೀತೆಂದು ನಾವೇ ಯೋಚಿಸಿದೆವು. ಒಬ್ಬನು ಅವನ ತರಗತಿಗಳನ್ನು ವಹಿಸಿಕೊಂಡನು. ಒಬ್ಬನು ರಜೆಯ ಅರ್ಜಿ, ವೈದ್ಯಕೀಯ ವೆಚ್ಚದ ಬಿಲ್ಲುಗಳು ಮುಂತಾದ ಕಚೇರಿಯ ಕೆಲಸ ನೋಡಿಕೊಂಡನು. ಒಬ್ಬನ ಮನೆಯಲ್ಲಿ ಅವನ ಮಗನ ಊಟ ಮತ್ತು ಓದು. ಉಳಿದಿಬ್ಬರು ಸರದಿಯಂತೆ ಬೆಂಗಳೂರಿನಲ್ಲಿ ಇರುವುದೆಂದು ಗೊತ್ತಾಯಿತು. ವಾರಕ್ಕೆರಡು ರಾತ್ರಿಯಾದರೂ ಅವನ ಹೆಂಡತಿ ನೆಮ್ಮದಿಯಾಗಿ ನಿದ್ದೆಮಾಡಬೇಕೆಂಬುದೂ ನಮ್ಮ ಪಟ್ಟಿಯಲ್ಲಿತ್ತು. ಶುಶ್ರೂಷೆ ಮಾಡುವವರು ಕುಸಿದರೆ ರೋಗಿಯನ್ನು ಹಿಡಿದೆತ್ತುವವರು ಯಾರು?

ಶಸ್ತ್ರಚಿಕಿತ್ಸೆ ಮುಗಿಯಿತು. ಧ್ವನಿಪೆಟ್ಟಿಗೆಯನ್ನು ತೆಗೆದಾಗ ಶ್ವಾಸನಾಳದ ತುದಿಯನ್ನು ಕತ್ತಿನ ಮುಂಭಾಗಕ್ಕೆ ತಂದು ಅಲ್ಲೊಂದು ರಂಧ್ರ ಮಾಡುತ್ತಾರೆ. ಆಮೇಲೆ ಉಸಿರಾಟವೆಲ್ಲ ಆ ರಂಧ್ರದ ಮೂಲಕವೇ. ಗಾಯ ಮಾಯುವ ತನಕ ಮೂಗಿನಿಂದ ಹೊಟ್ಟೆಗೆ ಇಳಿಸಿದ ನಳಿಕೆಯ ಮೂಲಕ ಗಂಜಿ, ಹಾಲು ಮೊದಲಾದ ದ್ರವಾಹಾರ. ಗಾಳಿಯನ್ನು ಬೆಚ್ಚಗೆ ಮಾಡಿ, ತೇವಗೊಳಿಸಿ, ಧೂಳನ್ನು ಸೋಸುವುದು ಮೂಗಿನ ಕೆಲಸ. ಆ ಮಾರ್ಗ ತಪ್ಪಿದ್ದರಿಂದ ಅವನಿಗೆ ಕೆಮ್ಮು ಹೆಚ್ಚಿತು. ರಂಧ್ರದ ಮೇಲೆ ತೆಳುವಾದ ಬಟ್ಟೆಯನ್ನು ಕಟ್ಟಿಕೊಳ್ಳಬೇಕಾಯಿತು. ಸ್ನಾನಮಾಡುವಾಗ ಒಂದು ತೊಟ್ಟು ನೀರೂ ಅಲ್ಲಿಗೆ ಇಳಿಯದಂತೆ ಎಚ್ಚರ ವಹಿಸಬೇಕಾಯಿತು. ಕಾಫಿಯ ಪರಿಮಳವೂ ಅವನಿಂದ ದೂರವಾಯಿತು. ಇವನ್ನೆಲ್ಲ ದಾದಿಯರು ಅವನ ಹೆಂಡತಿಗೆ ಕಲಿಸುವಾಗ ನಾವೂ ಪಕ್ಕದಲ್ಲಿ ನಿಂತು ಕಲಿತೆವು. ಹೊಸ ಗಾಯವನ್ನು ಮುಖ ತಿರುಗಿಸದೆ ನೋಡುವುದೂ ಒಂದು ಸೇವೆ. ನೋಡುವವರ ಕಣ್ಣಿನಲ್ಲಿ ಹೇಸಿಗೆ ಕಂಡರೆ ರೋಗಿ ತನ್ನನ್ನು ತಾನೇ ಹೇಸುತ್ತಾನೆ. ಅಲ್ಲಿ ಸಹಜತೆ ಕಂಡರೆ ತಾನು ಹಿಂದಿನ ಮನುಷ್ಯನೇ ಎಂಬ ನಂಬಿಕೆ ಅವನಿಗೆ ಮರಳುತ್ತದೆ.

ಮಾತಿಗೆ ಬದಲಾಗಿ ಅವನ ಕೈಗೆ ಒಂದು ಸ್ಲೇಟನ್ನೂ ಬಳಪವನ್ನೂ ಕೊಟ್ಟಿದ್ದೆವು. ನಾವೂ ಮಾತನ್ನು ಕಡಿಮೆ ಮಾಡಿದೆವು. ಅವನು ಬರೆದು ಮುಗಿಸುವ ಮೊದಲೇ ವಾಕ್ಯವನ್ನು ಊಹಿಸಿ ಪೂರ್ತಿಮಾಡಬಾರದೆಂದು ನಮ್ಮಲ್ಲಿ ಒಪ್ಪಂದವಾಗಿತ್ತು. ಎಷ್ಟೋ ಸಂಜೆ ಒಂದು ಮಾತೂ ಇಲ್ಲದೆ ಚದುರಂಗದಲ್ಲಿ ಕಳೆಯಿತು. ಮೌನವಾಗಿ ಜೊತೆಗಿರುವುದು ಏನೂ ಮಾಡದೆ ಇರುವುದಲ್ಲ.

ಗಾಯ ಮಾಯ್ದ ಮೇಲೆ ವಿಕಿರಣ ಚಿಕಿತ್ಸೆ ಆರಂಭವಾಯಿತು. ನಮ್ಮ ಜನ ಇದನ್ನು ‘ಕರೆಂಟು ಕೊಡುವುದು’ ಎನ್ನುತ್ತಾರೆ; ವಾಸ್ತವವಾಗಿ ಇದರಲ್ಲಿ ವಿದ್ಯುತ್ತು ಮೈಗೆ ಹಾಯುವುದಿಲ್ಲ, ಕಣ್ಣಿಗೆ ಕಾಣದ ಕಿರಣಗಳು ಹಾಯುತ್ತವೆ. ವಾರಕ್ಕೆ ಐದು ದಿನದಂತೆ ಆರು ವಾರ, ಒಟ್ಟು ಮೂವತ್ತು ಸರದಿ. ಒಂದೊಂದು ಸರದಿಯೂ ಕೆಲವೇ ನಿಮಿಷಗಳದು, ಆ ಹೊತ್ತಿಗೆ ನೋವೂ ಇಲ್ಲ. ಆದರೆ ಎರಡು ಮೂರು ವಾರ ಕಳೆಯುವಷ್ಟರಲ್ಲಿ ಕತ್ತಿನ ಚರ್ಮ ಬಿಸಿಲಿಗೆ ಬೆಂದಂತೆ ಕಪ್ಪಾಗುತ್ತದೆ, ಬಾಯಿ ಒಣಗುತ್ತದೆ, ನುಂಗುವುದು ಕಷ್ಟವಾಗುತ್ತದೆ, ನಾಲಗೆಗೆ ರುಚಿ ತಿಳಿಯುವುದಿಲ್ಲ. ಹೇಳಲಾರದ ಆಯಾಸ ಮೈಯನ್ನು ಆವರಿಸುತ್ತದೆ.

ಹದಿನೆಂಟನೆಯ ಸರದಿ ಮುಗಿದ ದಿನ ಅವನು ಸ್ಲೇಟಿನ ಮೇಲೆ ಬರೆದು ನನ್ನ ಮುಂದೆ ಇಟ್ಟನು: ‘ಸಾಕು. ನಾಳೆಯಿಂದ ಬರುವುದಿಲ್ಲ. ಊರಿಗೆ ಹೋಗೋಣ.’

ಅದು ಅತ್ಯಂತ ಅಪಾಯದ ಗಳಿಗೆ. ಮೂವತ್ತು ಸರದಿಗಳು ಒಟ್ಟಾಗಿ ಒಂದೇ ಚಿಕಿತ್ಸೆ. ನಡುವೆ ನಿಲ್ಲಿಸಿದರೆ ಉಳಿದಿರಬಹುದಾದ ಕ್ಯಾನ್ಸರ್ ಕೋಶಗಳು ಮತ್ತೆ ಚಿಗುರಲು ಅವಕಾಶವಾಗುತ್ತದೆ. ಅಲ್ಲಿಯವರೆಗೆ ಪಟ್ಟ ಪಾಡೂ ವ್ಯರ್ಥವಾಗಬಹುದು. ಹೀಗಿದ್ದರೂ ಬೈದು ಬುದ್ಧಿ ಹೇಳುವುದರಿಂದ ಪ್ರಯೋಜನವಿರಲಿಲ್ಲ. ನೋವು ಅವನದು. ‘ಧೈರ್ಯವಾಗಿರು’ ಎನ್ನುವವನಿಗೆ ಗಂಟಲು ಉರಿಯುವುದಿಲ್ಲ. ಏನು ತಡೆಯಲಾಗುತ್ತಿಲ್ಲವೆಂದು ಕೇಳಿದೆ. ಎರಡು ದಿನದಿಂದ ನೀರನ್ನೂ ನುಂಗಲಾಗುತ್ತಿಲ್ಲವೆಂದು ಬರೆದನು. ವೈದ್ಯರು ವಿಚಾರಿಸಿದಾಗಲೆಲ್ಲ ಅವನು ಸುಮ್ಮನೆ ತಲೆಯಾಡಿಸಿ ಬಂದಿದ್ದನು. ಮರುದಿನ ಬೆಳಿಗ್ಗೆ ಆ ಸ್ಲೇಟನ್ನೇ ವೈದ್ಯರಿಗೆ ತೋರಿಸಿದೆವು. ಅವರು ನೋವು ಶಮನಕ್ಕೆ ಔಷಧ ಕೊಟ್ಟರು; ಕೆಲವು ದಿನ ಮತ್ತೆ ನಳಿಕೆಯಿಂದ ಆಹಾರ ಕೊಡುವ ಏರ್ಪಾಟು ಮಾಡಿದರು. ರೋಗಿ ಹೇಳಿಕೊಳ್ಳಲಾರದ್ದನ್ನು ವೈದ್ಯರಿಗೆ ತಲುಪಿಸುವುದು ಜೊತೆಗಾರನ ಮುಖ್ಯವಾದ ಕೆಲಸಗಳಲ್ಲಿ ಒಂದು.

ಆ ಸಂಜೆ ನಾನು ಸ್ಲೇಟಿನ ಮೇಲೆ ‘30 – 19 =’ ಎಂದು ಬರೆದು ಅವನಿಗೆ ಕೊಟ್ಟೆ. ಗಣಿತದ ಮೇಷ್ಟರಿಗೆ ಉತ್ತರ ಬರೆಯದೆ ಬಿಡಲಾಗಲಿಲ್ಲ. ‘11’ ಎಂದು ಬರೆದನು. ಅಂದಿನಿಂದ ಪ್ರತಿ ಸಂಜೆಯೂ ಆ ವ್ಯವಕಲನ ನಡೆಯಿತು. ಹನ್ನೊಂದು ಹತ್ತಾಯಿತು, ಹತ್ತು ಒಂಬತ್ತಾಯಿತು. ಕೊನೆಗೊಂದು ದಿನ ಸೊನ್ನೆಯಾಯಿತು. ಆ ಸೊನ್ನೆಯನ್ನು ಅವನು ಸ್ಲೇಟಿನ ತುಂಬ ದೊಡ್ಡದಾಗಿ ಬರೆದನು.

ಇಷ್ಟರ ನಡುವೆ ಉಪದೇಶಕರ ಕಾಟವೂ ಇತ್ತು. ಒಬ್ಬರು ಬೇರನ್ನೂ ಇನ್ನೊಬ್ಬರು ಭಸ್ಮವನ್ನೂ ತಂದು, ಆಸ್ಪತ್ರೆಯನ್ನು ಬಿಟ್ಟು ಇದನ್ನೇ ನಂಬಿರೆಂದು ಒತ್ತಾಯಿಸಿದರು. ಅವರ ಮನಸ್ಸು ಒಳ್ಳೆಯದೇ. ಆದರೆ ವೈದ್ಯರನ್ನು ಕೇಳದೆ ಯಾವುದನ್ನೂ ಕೊಡಬಾರದೆಂಬ ನಿಯಮವನ್ನು ನಾವು ಬಿಡಲಿಲ್ಲ. ಚಿಕಿತ್ಸೆಯ ಖರ್ಚಿಗೆ ಹೆದರಿ ಆಸ್ಪತ್ರೆಯಿಂದ ದೂರ ಉಳಿಯುವವರೂ ಇದ್ದಾರೆ. ಬಡವರ ನೆರವಿಗೆಂದು 2018ರಿಂದ ‘ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ’ ಯೋಜನೆ ಜಾರಿಗೆ ಬಂದಿದೆ. ಓದು ಬಲ್ಲ ಗೆಳೆಯನೊಬ್ಬನು ಪಡಿತರ ಚೀಟಿ ಮುಂತಾದ ಕಾಗದಪತ್ರಗಳನ್ನು ಹೊಂದಿಸಿಕೊಟ್ಟರೂ ಒಂದು ಜೀವಕ್ಕೆ ದಾರಿ ತೆರೆಯಬಹುದು.

ಮರುವರ್ಷ ಅವನ ಶ್ವಾಸನಾಳಕ್ಕೂ ಅನ್ನನಾಳಕ್ಕೂ ನಡುವೆ ಒಂದು ಪುಟ್ಟ ಕವಾಟವನ್ನು ಅಳವಡಿಸಿದರು. ಕತ್ತಿನ ರಂಧ್ರವನ್ನು ಬೆರಳಿನಿಂದ ಮುಚ್ಚಿದರೆ ಉಸಿರು ಆ ಕವಾಟದ ಮೂಲಕ ಗಂಟಲಿಗೆ ಹಾದು ಧ್ವನಿಯಾಗುತ್ತದೆ. ಹೊರದೇಶಗಳಿಂದ ಬರುವ ಇಂಥ ಕವಾಟಗಳಿಗೆ ಸಾವಿರಾರು ರೂಪಾಯಿ ಬೆಲೆ. ಬೆಂಗಳೂರಿನ ಡಾ. ವಿಶಾಲ್ ರಾವ್ ಎಂಬ ಕ್ಯಾನ್ಸರ್ ತಜ್ಞರು ಉದ್ಯಮಿಯಾದ ತಮ್ಮ ಮಿತ್ರ ಶಶಾಂಕ್ ಮಹೇಶ್ ಅವರ ನೆರವಿನಿಂದ ಸುಮಾರು 50 ರೂಪಾಯಿ ವೆಚ್ಚದ ಕವಾಟವೊಂದನ್ನು ರೂಪಿಸಿದರು. 2015ರ ಸುಮಾರಿಗೆ ಅದರ ಸುದ್ದಿ ನಾಡಿಗೆಲ್ಲ ತಿಳಿಯಿತು. ಮೂಕರಾದವರಿಗೆ ಮಾತು ಕೊಡುವ ಆ ಸಾಧನದ ಹಿಂದೆಯೂ ಒಂದು ಗೆಳೆತನವಿದೆ.

ಅಭ್ಯಾಸದಿಂದ ನನ್ನ ಗೆಳೆಯನಿಗೆ ಮಾತು ಬಂದಿತು. ಹಳೆಯ ಗುಡುಗಿನ ಕಂಠವಲ್ಲ; ತಗ್ಗಿದ, ಒರಟಾದ ಧ್ವನಿ. 2017ರ ಜೂನ್ ತಿಂಗಳಲ್ಲಿ ಶಾಲೆ ಆರಂಭವಾದಾಗ ಅವನು ಮತ್ತೆ ತರಗತಿಗೆ ಹೋದನು. ಆ ಮೆಲುದನಿಯನ್ನು ಹುಡುಗರು ನಕ್ಕಾರೆಂಬ ಅಂಜಿಕೆ ಅವನಿಗಿತ್ತು. ಆದರೆ ಅವನು ಬೆರಳನ್ನು ಕತ್ತಿಗೆ ಒತ್ತಿಕೊಂಡೊಡನೆ ಅರವತ್ತು ಮಕ್ಕಳೂ ನಿಶ್ಶಬ್ದರಾದರು. ಹಿಂದಿನ ಬೆಂಚಿನ ಹುಡುಗರು ಅಪ್ಪಣೆ ಪಡೆದು ಮುಂದೆ ಬಂದು ನೆಲದ ಮೇಲೆ ಕುಳಿತರು. ಮೂರು ವರ್ಷಗಳ ಅನಂತರ ನಿವೃತ್ತನಾಗುವವರೆಗೂ ಅವನ ತರಗತಿಯಷ್ಟು ಶಾಂತವಾದ ತರಗತಿ ನಮ್ಮ ಶಾಲೆಯಲ್ಲಿ ಮತ್ತೊಂದಿರಲಿಲ್ಲ.

ಕಾಯಿಲೆ ದೊಡ್ಡವರಿಗಷ್ಟೇ ಬರುವುದಲ್ಲ. ನಿಮ್ಮ ಸಹಪಾಠಿಗೂ ಬರಬಹುದು. ಮಕ್ಕಳಲ್ಲಿ ಕಾಣಿಸಿಕೊಳ್ಳುವ ರಕ್ತದ ಕ್ಯಾನ್ಸರಿನಲ್ಲಿ ಪೂರ್ತಿ ಚಿಕಿತ್ಸೆ ಪಡೆದ ಹೆಚ್ಚಿನವರು ಗುಣಹೊಂದುತ್ತಾರೆ. ಔಷಧದ ಪ್ರಭಾವದಿಂದ ಉದುರಿದ ಕೂದಲು ಮತ್ತೆ ಬೆಳೆಯುತ್ತದೆ. ಆದರೆ ಆ ದಿನಗಳಲ್ಲಿ ಕೇಳಿದ ಅಡ್ಡಹೆಸರು ಜೀವಮಾನವಿಡೀ ನೆನಪಿನಲ್ಲಿ ಉಳಿಯುತ್ತದೆ. ತಪ್ಪಿಹೋದ ಪಾಠಗಳನ್ನು ಬರೆದುಕೊಡುವುದು, ನೆಗಡಿ ಕೆಮ್ಮು ಇದ್ದಾಗ ಹತ್ತಿರ ಹೋಗದಿರುವುದು, ಹಿಂದಿನಂತೆಯೇ ಹೆಸರು ಹಿಡಿದು ಕರೆಯುವುದು, ಅವನಿಗಾಗಿ ಬೆಂಚಿನಲ್ಲಿ ಜಾಗ ಉಳಿಸಿಡುವುದು – ಇವು ನಿಮ್ಮ ಕೈಯಲ್ಲಿಯೇ ಇರುವ ಕೆಲಸಗಳು. ಗೆಳೆಯನೊಬ್ಬನು ಬೀಡಿ, ಸಿಗರೇಟು, ಗುಟ್ಕಾಗಳ ಕಡೆಗೆ ಕೈ ಚಾಚಿದಾಗ ಆ ಕೈಯನ್ನು ಹಿಡಿದು ನಿಲ್ಲಿಸುವುದೂ ಗೆಳೆತನವೇ. ಎಲ್ಲರನ್ನೂ ಉಳಿಸಿಕೊಳ್ಳುವುದು ಮನುಷ್ಯರ ಕೈಯಲ್ಲಿಲ್ಲ. ಯಾರನ್ನೂ ಒಂಟಿಯಾಗಿ ಬಿಡದಿರುವುದು ಮಾತ್ರ ನಮ್ಮೆಲ್ಲರ ಕೈಯಲ್ಲಿದೆ.